ತಲೆಯ ಹಿಂದಿನ ಗೆರೆ: ಕೂದಲು ಕಸಿಯ ಕಲೆಯ ಬಗ್ಗೆ ನಾವಿಬ್ಬರು ತಿಳಿದುಕೊಂಡದ್ದು



ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಮ್ಮನ್ನು ಮೆಲ್ಲಗೆ ಬದಿಗೆ ಕರೆದು ಒಂದೇ ವಿಷಯ ಕೇಳುವವರು ಈಗ ಹೆಚ್ಚಾಗಿದ್ದಾರೆ. "ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿದ್ದು ಹೇಗೆ? ಎಷ್ಟು ಖರ್ಚಾಯಿತು? ಎಷ್ಟು ಕೂದಲು ಬಂತು?" ಕೊಲ್ಲಿಯಿಂದ ರಜೆಗೆ ಬಂದವರು, ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವವರು, ಮದುವೆ ನಿಶ್ಚಯವಾಗುವ ಹಂತದಲ್ಲಿರುವವರು ಎಲ್ಲರೂ ಕೇಳುತ್ತಾರೆ. ಎಲ್ಲರ ಕಣ್ಣೂ ಹಣೆಯ ಮೇಲೆ. ತಲೆಯ ಹಿಂಬದಿಯ ಬಗ್ಗೆ ಕೇಳಿದವರನ್ನು ನಾವಿನ್ನೂ ಕಂಡಿಲ್ಲ. ಆದ್ದರಿಂದ ಈ ಸಲ ಅದನ್ನೇ ಬರೆಯೋಣ ಎಂದುಕೊಂಡೆವು.

ನಾವು ಅಣ್ಣತಮ್ಮಂದಿರು. ಮನೆಯಲ್ಲಿ ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ, ಪೇಟೆಯಲ್ಲಿ ತುಳು, ಪಂಚಾಯತಿನಲ್ಲಿ ಮಲಯಾಳ. ಕಾಸರಗೋಡಿನ ಎಲ್ಲರ ಹಾಗೆ ನಾಲ್ಕು ನಾಲಿಗೆಯವರು. ನಮ್ಮಲ್ಲಿ ಹಿರಿಯವ 2014ರಲ್ಲಿ, 27ನೇ ವಯಸ್ಸಿನಲ್ಲಿ ಕೂದಲು ಕಸಿ ಮಾಡಿಸಿಕೊಂಡ. ಕಿರಿಯವ ಮಾಡಿಸಿಕೊಂಡಿಲ್ಲ. ಆದರೆ ಅಣ್ಣನ ಕಲೆಯ ಹಿಂದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಾಡಿದ್ದು ಅವನೇ. ಇಬ್ಬರಿಗೂ ಇದು ಸಮಾನ ಅನುಭವ ಎಂಬ ಕಾರಣಕ್ಕೆ 'ನಾವು' ಎಂದೇ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ. ಇಲ್ಲಿ ಬರೆದದ್ದನ್ನು ಓದಿ ಔಷಧ ಹಚ್ಚಬೇಡಿ. ಓದಿ, ವೈದ್ಯರ ಹತ್ತಿರ ಸರಿಯಾದ ಪ್ರಶ್ನೆ ಕೇಳಿ.

ಕಲೆ ಎಲ್ಲಿಂದ ಬರುತ್ತದೆ?

ಕೂದಲು ಕಸಿ ಎಂದರೆ ಹೊಸ ಕೂದಲು ಹುಟ್ಟಿಸುವುದಲ್ಲ. ಇದ್ದ ಕೂದಲನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಡುವುದು, ಗದ್ದೆಯಲ್ಲಿ ನೇಜಿ ನೆಟ್ಟ ಹಾಗೆ. ಕಿವಿಯಿಂದ ಕಿವಿಗೆ ತಲೆಯ ಹಿಂಬದಿಯಲ್ಲಿ ಬೆಳೆಯುವ ಕೂದಲು ಸಾಧಾರಣವಾಗಿ ಬೋಳುತನಕ್ಕೆ ಬಗ್ಗುವುದಿಲ್ಲ. ಅದನ್ನು ಮುಂದೆ ತಂದು ನೆಟ್ಟರೂ ಅದು ತನ್ನ ಹಳೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಇದನ್ನು ಬರೆದು ಪ್ರಕಟಿಸಿದ ಮೇಲೆ ಈ ಚಿಕಿತ್ಸೆ ಲೋಕಕ್ಕೆಲ್ಲ ಹಬ್ಬಿತು.

ಅದಕ್ಕೂ ಇಪ್ಪತ್ತು ವರ್ಷ ಮೊದಲು, 1939ರಲ್ಲಿ, ಜಪಾನಿನ ಚರ್ಮವೈದ್ಯ ಶೋಜಿ ಒಕುಡ ಇಂಥದೇ ಕೆಲಸ ಮಾಡಿ ಬರೆದಿಟ್ಟಿದ್ದರು. ಅವರು ಕೂದಲು ನೆಟ್ಟದ್ದು ಬೋಳುತಲೆಯವರಿಗೆ ಅಂದಕ್ಕಾಗಿ ಅಲ್ಲ, ಸುಟ್ಟಗಾಯ ಮುಂತಾದವುಗಳಿಂದ ಕಲೆಯಾಗಿ ಕೂದಲು ಹೋದ ಜಾಗಕ್ಕೆ. ಎಂದರೆ ಕಲೆ ಮುಚ್ಚಲಿಕ್ಕೆಂದು ಹುಟ್ಟಿದ ವಿದ್ಯೆ ಇದು. ಈ ಸಂಗತಿ ಮುಂದೆ ನಮ್ಮ ಕತೆಯಲ್ಲೂ ಬರುತ್ತದೆ.

ಹಿಂಬದಿಯ ಕೂದಲನ್ನು ತೆಗೆಯುವ ಕ್ರಮ ಈಗ ಎರಡು ಬಗೆಯದು. ಮೊದಲನೆಯದು ಎಫ್‌ಯುಟಿ, ಪಟ್ಟಿ ತೆಗೆಯುವ ವಿಧಾನ. ತಲೆಯ ಹಿಂದಿನಿಂದ ಸುಮಾರು ಒಂದರಿಂದ ಒಂದೂವರೆ ಸೆಂಟಿಮೀಟರ್ ಅಗಲದ ಉದ್ದನೆಯ ಚರ್ಮದ ಪಟ್ಟಿಯನ್ನು ಕೊಯ್ದು ತೆಗೆಯುತ್ತಾರೆ. ಮೇಲಿನ ಅಂಚು, ಕೆಳಗಿನ ಅಂಚು ಎಳೆದು ಸೇರಿಸಿ ಹೊಲಿಗೆ ಹಾಕುತ್ತಾರೆ. ಆ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದೊಂದೇ ಬುಡವನ್ನು ಬಿಡಿಸಿ ಮುಂದೆ ನೆಡುತ್ತಾರೆ. ಇದರಿಂದ ಉಳಿಯುವುದು ಒಂದು ಉದ್ದ ಗೆರೆ. ಚೆನ್ನಾಗಿ ಮಾಗಿದರೆ ಅದು ಒಂದೆರಡು ಮಿಲಿಮೀಟರ್ ಅಗಲ; ಕೂದಲು ಸ್ವಲ್ಪ ಬೆಳೆದರೆ ಯಾರಿಗೂ ಕಾಣದು.

ಎರಡನೆಯದು ಎಫ್‌ಯುಇ. ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣ ಬಾಯಿಯ ಉಪಕರಣದಿಂದ ಒಂದೊಂದೇ ಬುಡವನ್ನು ನೇರವಾಗಿ ತೆಗೆಯುವುದು. ಇದರಲ್ಲಿ ಗೆರೆ ಇಲ್ಲ, ಹೊಲಿಗೆ ಇಲ್ಲ. "ಕಲೆಯೇ ಇಲ್ಲ" ಎಂದು ಜಾಹೀರಾತು ಹೇಳುವುದು ಇದನ್ನೇ. ಅದು ಸರಿಯಲ್ಲ. ಒಂದೊಂದು ತೂತೂ ಒಂದು ಸಣ್ಣ ಬಿಳಿ ಚುಕ್ಕೆಯಾಗಿ ಮಾಗುತ್ತದೆ. ಎರಡು ಸಾವಿರ ಬುಡ ತೆಗೆದರೆ ಎರಡು ಸಾವಿರ ಚುಕ್ಕೆ. ಹರಡಿ ತೆಗೆದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಒಂದೇ ಕಡೆ ಒತ್ತೊತ್ತಾಗಿ ತೆಗೆದಿದ್ದರೆ ಹುಳ ತಿಂದ ಬಟ್ಟೆಯ ಹಾಗೆ ಕಾಣುತ್ತದೆ, ಆಮೇಲೆ ಅದನ್ನು ಸರಿಪಡಿಸುವುದು ಬಹಳ ಕಷ್ಟ. ಆದ್ದರಿಂದ "ಕಲೆ ಆಗುತ್ತದಾ" ಎಂಬ ಪ್ರಶ್ನೆಗೆ ಉತ್ತರ ಯಾವತ್ತೂ ಹೌದು. ಎಂಥ ಕಲೆ, ಎಲ್ಲಿ, ಎಷ್ಟು ಉದ್ದದ ಕೂದಲಿನಲ್ಲಿ ಅದು ಕಾಣುತ್ತದೆ ಎಂದು ಕೇಳಬೇಕು.

ಅಣ್ಣನ ಗೆರೆ

ಹಿರಿಯವನಿಗೆ ಆದದ್ದು ಪಟ್ಟಿ ವಿಧಾನ. ಒಂದು ದೊಡ್ಡ ನಗರದ ಕ್ಲಿನಿಕ್. ಹೆಸರು ಬರೆಯುವುದಿಲ್ಲ. ಚಿಟ್ಟಿಯ ಹಣ, ಎರಡು ವರ್ಷದ ಉಳಿತಾಯ ಅದಕ್ಕೆ ಹೋಯಿತು. ರಜೆ ಇದ್ದದ್ದು 30 ದಿನ. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. "ಎಲ್ಲ ಚೆನ್ನಾಗಿದೆ, ಇನ್ನು ಮಾಮೂಲು ಕೆಲಸ ಮಾಡಬಹುದು" ಎಂದು ಕಳುಹಿಸಿದರು. ಅವನ ಮಾಮೂಲು ಕೆಲಸ ಯಾವುದೆಂದು ಯಾರೂ ಕೇಳಲಿಲ್ಲ. ಶಾರ್ಜಾದ ಒಂದು ಗೋದಾಮಿನಲ್ಲಿ ಸಾಮಾನು ಎತ್ತಿ ಇಳಿಸುವುದು ಅವನ ಕೆಲಸ. ಇಡೀ ದಿನ ತಲೆ ಬಗ್ಗಿಸಬೇಕು, ಭಾರ ಎತ್ತಬೇಕು. ನಾಲ್ಕನೇ ವಾರದಲ್ಲಿ ಅವನು ಆ ಕೆಲಸದಲ್ಲಿದ್ದ.

ಇದರಲ್ಲಿ ಏನು ತೊಂದರೆ ಎಂದು ನಮಗೆ ತಿಳಿದದ್ದು ಮೂರು ವರ್ಷದ ನಂತರ. ಹೊಲಿಗೆ ಬಿಚ್ಚಿದ ದಿನ ಗಾಯ ಮುಚ್ಚಿದಂತೆ ಕಾಣುತ್ತದೆ, ಆದರೆ ಒಳಗೆ ಗಟ್ಟಿಯಾಗಿರುವುದಿಲ್ಲ. ಮೂರು ವಾರದ ಹೊತ್ತಿಗೂ ಆ ಜಾಗದ ಬಲ ಮೊದಲಿನ ಚರ್ಮದ ಮೂರರಲ್ಲಿ ಒಂದಂಶವನ್ನು ದಾಟಿರುವುದಿಲ್ಲ. ತಿಂಗಳುಗಟ್ಟಲೆ ಮಾಗಿದ ಮೇಲೂ ಅದು ಸುಮಾರು ಶೇಕಡಾ 80ಕ್ಕೆ ನಿಲ್ಲುತ್ತದೆ, ಪೂರ್ತಿ ಮೊದಲಿನಂತಾಗುವುದೇ ಇಲ್ಲ. ಆ ಆರಂಭದ ವಾರಗಳಲ್ಲಿ ಕುತ್ತಿಗೆ ಬಗ್ಗಿಸಿ ಭಾರ ಎತ್ತಿದಾಗಲೆಲ್ಲ ಹಿಂಬದಿಯ ಚರ್ಮ ಕೆಳಗೆ ಎಳೆಯುತ್ತದೆ. ಗಾಯ ಬಾಯಿ ಬಿಡುವುದಿಲ್ಲ, ನಿಧಾನವಾಗಿ ಅಗಲವಾಗುತ್ತದೆ. ಅಗಲವಾದ ಜಾಗದಲ್ಲಿ ಕೂದಲು ಇಲ್ಲ.

ಅದೊಂದೇ ಕಾರಣ ಎಂದು ಹೇಳುವಂತಿಲ್ಲ. ಪಟ್ಟಿ ತೀರ ಅಗಲವಾಗಿ ಕೊಯ್ದರೆ, ತಲೆಯ ಚರ್ಮ ಮೊದಲೇ ಬಿಗಿಯಾಗಿದ್ದರೆ, ಗಾಯಕ್ಕೆ ನಂಜಾದರೆ, ಬೀಡಿ ಸಿಗರೇಟು ಸೇದಿ ರಕ್ತಸಂಚಾರ ಕಡಿಮೆಯಾಗಿದ್ದರೆ ಕೂಡ ಗೆರೆ ಹಿಗ್ಗುತ್ತದೆ. ಕೆಲವರ ಮೈಗುಣವೇ ಹಾಗೆ. ಅಣ್ಣನ ವಿಷಯದಲ್ಲಿ ಬಿಗಿ ಚರ್ಮ, ಭಾರದ ಕೆಲಸ ಎರಡೂ ಕೂಡಿದವು. ಒಂದು ವರ್ಷದ ಹೊತ್ತಿಗೆ ಎಡಗಿವಿಯ ಹಿಂದಿನಿಂದ ಬಲಗಿವಿಯ ಹಿಂದಿನವರೆಗೆ ಸುಮಾರು 22 ಸೆಂಟಿಮೀಟರ್ ಉದ್ದದ, ಕೆಲವು ಕಡೆ ಎಂಟು ಮಿಲಿಮೀಟರ್ ಅಗಲದ ಬಿಳಿ ದಾರಿ. ಹಣೆಯ ಮೇಲೆ ಕೂದಲು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಮುಂದಿನಿಂದ ನೋಡಿದರೆ ಚೆಂದವೇ.

ಹಿಂದಿನಿಂದ ನೋಡುವವರು ಬೇರೆ ಇದ್ದಾರಲ್ಲ. ಕೊಲ್ಲಿಯ ಸೆಕೆಗೆ ಎಲ್ಲರೂ ಕೂದಲು ಸಣ್ಣಗೆ ಕತ್ತರಿಸುತ್ತಾರೆ. ಇವನು ಉದ್ದ ಬಿಟ್ಟ. ಕೋಣೆಯಲ್ಲೂ ಟೋಪಿ. ಒಮ್ಮೆ ಊರಿಗೆ ಬಂದಾಗ ಸಲೂನಿನವನು ಬಾಚಣಿಗೆಯಿಂದ ಕೂದಲು ಎತ್ತಿ, "ಇದೆಂತ ಮಾರಾಯ್ರೇ, ತಲೆಗೆ ಕತ್ತಿ ಬಿದ್ದದ್ದಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಆಮೇಲೆ ಕಿರಿಯವನೇ ಮನೆಯ ಹಿಂದಿನ ಚಿಟ್ಟೆಯಲ್ಲಿ ಕೂರಿಸಿ ಕತ್ತರಿಸುವುದಾಯಿತು. ಹೊಳೆಗೆ ಈಜಲು ಬಾ ಎಂದರೆ ಬರುತ್ತಿರಲಿಲ್ಲ. ಒದ್ದೆ ಕೂದಲು ತಲೆಗೆ ಅಂಟಿದರೆ ಗೆರೆ ಎದ್ದು ಕಾಣುತ್ತಿತ್ತು.

ರೋಸಿಗೆ ಮುಂಚೆ

2017ರ ಆಗಸ್ಟಿನಲ್ಲಿ ಅವನಿಗೆ ಹೆಣ್ಣು ನಿಶ್ಚಯವಾಯಿತು. ಮಂಜೇಶ್ವರದ ಕಡೆಯವರು, ಹುಡುಗಿ ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್. ಮದುವೆ ಜನವರಿಗೆ. ಮದುವೆಯ ಮುಂಚಿನ ಸಂಜೆ ನಮ್ಮಲ್ಲಿ ರೋಸ್ ಇದೆಯಲ್ಲ, ನಿಮಗೆಲ್ಲ ಗೊತ್ತು. ಅಪ್ಪ ಅಮ್ಮನಿಂದ ಹಿಡಿದು ನೆರೆಕರೆಯವರ ತನಕ ಒಬ್ಬೊಬ್ಬರೇ ಬಂದು ತಲೆಗೆ ಎಣ್ಣೆ ಹಚ್ಚಿ, ತೆಂಗಿನ ಹಾಲು ಸುರಿಯುತ್ತಾರೆ. ಎರಡು ತಾಸು ತಲೆ ತೊಯ್ದು ತೊಪ್ಪೆ. ಚಪ್ಪರದ ಲೈಟು, ವಿಡಿಯೋದವನ ಲೈಟು. ಮುಚ್ಚಲಿಕ್ಕೆ ಟೋಪಿಯೂ ಇಲ್ಲ.

ಮನೆಯಲ್ಲಿ ಮಾತು ಎರಡು ಭಾಗವಾಯಿತು. "ರೋಸ್ ಸಣ್ಣದಾಗಿ ಮಾಡುವ, ಹಣೆಗೆ ಮಾತ್ರ ಎಣ್ಣೆ ಮುಟ್ಟಿಸಿದರೆ ಸಾಕು" ಎಂದರು ಅಮ್ಮ. "ಹುಡುಗಿಯ ಮನೆಯವರಿಗೆ ಈಗ ಹೇಳುವುದು ಬೇಡ, ಮದುವೆ ಆಗಲಿ" ಎಂದರು ಮಾವ್ಶಿ. ಕಿರಿಯವ ಮಾತ್ರ, "ಅವಳು ನರ್ಸ್. ಮೊದಲ ದಿನವೇ ಗೊತ್ತಾಗುತ್ತದೆ. ಆಗ ಅವಳಿಗೆ ಬೇಜಾರಾಗುವುದು ಕಲೆ ನೋಡಿ ಅಲ್ಲ, ಹೇಳಲಿಲ್ಲ ಎಂದು" ಎಂದ. ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ.

ಮೂರನೇ ದಿನ ನಾವಿಬ್ಬರೂ ಅವರ ಮನೆಗೆ ಹೋದೆವು. ಅಣ್ಣ ಸುತ್ತುಬಳಸದೆ ಹೇಳಿದ. ಮಾಡಿಸಿಕೊಂಡದ್ದು, ಖರ್ಚಾದದ್ದು, ಗೆರೆ ಅಗಲವಾದದ್ದು ಎಲ್ಲ ಹೇಳಿ, "ನೋಡಿದ ಮೇಲೆ ನಿಮಗೆ ಬೇಡ ಅನಿಸಿದರೆ ಈಗಲೇ ಹೇಳಿ" ಎಂದ. ಆಕೆ ಎದ್ದು ಬಂದು, "ತಿರುಗಿ ಕೂತುಕೊಳ್ಳಿ" ಎಂದರು. ಎರಡು ಬೆರಳಿನಿಂದ ಕೂದಲು ಬದಿಗೆ ಸರಿಸಿ ಗೆರೆಯ ಉದ್ದಕ್ಕೂ ಒತ್ತಿ ನೋಡಿದರು. "ಇದು ಎದ್ದುಕೊಂಡ ಕಲೆ ಅಲ್ಲ. ಹಿಗ್ಗಿದ್ದು. ನೋವು, ತುರಿಕೆ ಉಂಟಾ?" ಎಂದು ಕೇಳಿದರು. ಇಲ್ಲ ಎಂದ. "ಹಾಗಾದರೆ ಮುಲಾಮಿಗೆಲ್ಲ ಹಣ ಹಾಕಬೇಡಿ. ಸರಿಯಾದ ಡಾಕ್ಟರಿಗೆ ತೋರಿಸುವ" ಎಂದರು. ಬೇಡ ಎಂಬ ಮಾತೇ ಬರಲಿಲ್ಲ. ಅಷ್ಟು ವರ್ಷ ಅವನು ಗುಟ್ಟಾಗಿ ಇಟ್ಟುಕೊಂಡದ್ದನ್ನು ಆಕೆ ಒಂದು ಹಳೆಯ ಗಾಯ ಎಂದಷ್ಟೇ ನೋಡಿದರು. ಬರುವಾಗ ಬಸ್ಸಿನಲ್ಲಿ ಅಣ್ಣ ಟೋಪಿ ಹಾಕಿರಲಿಲ್ಲ.

ಡಾಕ್ಟರು ವಿವರಿಸಿದ ದಾರಿಗಳು

ಮಂಗಳೂರಿನಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನರನ್ನು ಮೂವರೂ ಹೋಗಿ ಕಂಡೆವು. ಅವರು ಅವಸರ ಮಾಡಲಿಲ್ಲ. ಕಾಗದದ ಮೇಲೆ ಗೆರೆ ಎಳೆದು ವಿವರಿಸಿದರು. ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದೆಂದು ಅದನ್ನು ಇಲ್ಲಿ ಕೊಡುತ್ತೇವೆ.

ಮೊದಲನೆಯದು, ಕಾಯುವುದು. ಹೊಸ ಕಲೆ ಕೆಂಪಗೆ, ಗಟ್ಟಿಯಾಗಿ ಇರುತ್ತದೆ. ಅದು ಮಾಗಿ ಮೆತ್ತಗಾಗಿ ಬಣ್ಣ ಇಳಿಯಲು ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ ಬೇಕು. ಶಸ್ತ್ರಚಿಕಿತ್ಸೆಯ ಆಘಾತಕ್ಕೆ ಗಾಯದ ಸುತ್ತಲಿನ ಒಳ್ಳೆಯ ಕೂದಲೂ ಕೆಲವೊಮ್ಮೆ ಉದುರಿ, ಮೂರು ನಾಲ್ಕು ತಿಂಗಳಲ್ಲಿ ಮತ್ತೆ ಬರುತ್ತದೆ. ಎರಡನೇ ತಿಂಗಳಲ್ಲಿ ಕನ್ನಡಿ ನೋಡಿ ಗಾಬರಿಯಾಗುವುದಕ್ಕೆ ಅರ್ಥವಿಲ್ಲ. ಆ ಕಾಲದಲ್ಲಿ ಬಿಸಿಲಿನಿಂದ ಕಾಪಾಡಬೇಕು. ನಮ್ಮಂಥ ಮೈಬಣ್ಣದವರಿಗೆ ಹೊಸ ಕಲೆ ಬಿಸಿಲಿಗೆ ಬೇಗ ಕಪ್ಪಾಗುತ್ತದೆ.

ಎರಡನೆಯದು, ಎದ್ದುಕೊಂಡ ಕಲೆಗೆ ಔಷಧ. ಕಲೆ ಉಬ್ಬಿ ಗಾಯದ ಗಡಿಯೊಳಗೇ ನಿಂತಿದ್ದರೆ ಅದು ಒಂದು ಬಗೆ. ಗಾಯದ ಗಡಿ ದಾಟಿ ಬೆಳೆಯುತ್ತಾ ಹೋದರೆ ಅದು ಕೆಲಾಯ್ಡ್. ಇವಕ್ಕೆ ಸಿಲಿಕೋನ್ ಜೆಲ್, ಕಲೆಯೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದುಂಟು. ಆದರೆ ಚಪ್ಪಟೆಯಾಗಿ ಹಿಗ್ಗಿದ ಕಲೆಗೆ ಇವುಗಳಿಂದ ಪ್ರಯೋಜನ ಇಲ್ಲ. ಅಲ್ಲಿ ಸ್ಟೀರಾಯ್ಡ್ ಚುಚ್ಚಿದರೆ ಚರ್ಮ ಇನ್ನೂ ತೆಳುವಾಗುವ ಅಪಾಯವಿದೆ. ಎದೆ, ಭುಜ, ಕಿವಿ ಚುಚ್ಚಿದ ಜಾಗದಲ್ಲಿ ಯಾರಿಗಾದರೂ ಮೊದಲೇ ಕೆಲಾಯ್ಡ್ ಆಗಿದ್ದರೆ, ಅಂಥವರು ಕೂದಲು ಕಸಿಗೆ ಹೋಗುವ ಮೊದಲೇ ಅದನ್ನು ಹೇಳಬೇಕು.

ಮನೆಮದ್ದಿನ ಬಗ್ಗೆಯೂ ಕೇಳಿದೆವು. ಈರುಳ್ಳಿ ರಸ, ವಿಟಮಿನ್ ಇ ಮಾತ್ರೆ ಒಡೆದು ಹಚ್ಚುವುದು. ಕಲೆಯಾದ ಜಾಗದಲ್ಲಿ ಕೂದಲಿನ ಬುಡವೇ ಇಲ್ಲ, ಯಾವ ಎಣ್ಣೆಯೂ ಅಲ್ಲಿ ಕೂದಲು ಹುಟ್ಟಿಸದು ಎಂದರು. ವಿಟಮಿನ್ ಇ ಹಚ್ಚಿದರೆ ಕೆಲವರಿಗೆ ಚರ್ಮ ತುರಿಸಿ ಕೆಂಪಾಗುವುದೂ ಉಂಟು.

ಮೂರನೆಯದು, ಹಳೆಯ ಕಲೆಯನ್ನು ಕೊಯ್ದು ತೆಗೆದು ಮತ್ತೆ ಹೊಲಿಯುವುದು. ಇದರಲ್ಲಿ ಟ್ರೈಕೋಫೈಟಿಕ್ ಕ್ಲೋಶರ್ ಎಂಬ ಒಂದು ಜಾಣ ಕ್ರಮವಿದೆ. ಗಾಯದ ಒಂದು ಅಂಚಿನ ಮೇಲ್ಪದರವನ್ನು ಸುಮಾರು ಒಂದು ಮಿಲಿಮೀಟರಿನಷ್ಟು ಓರೆಯಾಗಿ ಕತ್ತರಿಸಿ, ಇನ್ನೊಂದು ಅಂಚನ್ನು ಅದರ ಮೇಲೆ ಕೂರಿಸಿ ಹೊಲಿಯುತ್ತಾರೆ. ಕೆಳಗೆ ಸಿಕ್ಕ ಕೂದಲಿನ ಬುಡಗಳು ನಿಧಾನವಾಗಿ ಆ ಗೆರೆಯನ್ನು ತೂರಿಕೊಂಡೇ ಬೆಳೆಯುತ್ತವೆ. ಗೆರೆಯ ನಡುವೆಯೇ ಕೂದಲು ಬಂದರೆ ಅದು ತುಂಬ ಮಟ್ಟಿಗೆ ಮರೆಯಾಗುತ್ತದೆ. ಆದರೆ ಇದಕ್ಕೆ ತಲೆಯ ಚರ್ಮ ಸಡಿಲ ಇರಬೇಕು. ಡಾಕ್ಟರು ಅಣ್ಣನ ತಲೆಯ ಹಿಂಬದಿಯನ್ನು ಅಂಗೈಯಿಂದ ಮೇಲೆ ಕೆಳಗೆ ಜರುಗಿಸಿ ನೋಡಿ, "ಇಲ್ಲಿ ಎಳೆಯಲು ಜಾಗವೇ ಇಲ್ಲ. ಮತ್ತೆ ಕೊಯ್ದರೆ ಮತ್ತೆ ಹಿಗ್ಗುತ್ತದೆ" ಎಂದರು. ಆ ದಾರಿ ಮುಚ್ಚಿತು.

ನಾಲ್ಕನೆಯದು, ಕಲೆಯೊಳಗೇ ಕೂದಲು ನೆಡುವುದು. ಎಫ್‌ಯುಇ ಕ್ರಮದಲ್ಲಿ ಒಂದಿಷ್ಟು ಬುಡ ತೆಗೆದು ಗೆರೆಯೊಳಗೆ ಕೂರಿಸುತ್ತಾರೆ. ಜಪಾನಿನ ಆ ವೈದ್ಯರು ಮಾಡಿದ ಕೆಲಸದ ಮೊಮ್ಮಗ ಎನ್ನಿ. ತಲೆಯ ಕೂದಲು ಸಾಲದಿದ್ದರೆ ಗಡ್ಡದ ಕೂದಲನ್ನೂ ಬಳಸುತ್ತಾರೆ. ಕಲೆಯಲ್ಲಿ ರಕ್ತಸಂಚಾರ ಕಡಿಮೆ. ಒಳ್ಳೆಯ ಚರ್ಮದಲ್ಲಿ ಹಿಡಿಯುವಷ್ಟು ಕೂದಲು ಅಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಒಮ್ಮೆಗೇ ಒತ್ತೊತ್ತಾಗಿ ನೆಡದೆ, ದೂರದೂರ ನೆಟ್ಟು, ಹಿಡಿದದ್ದನ್ನು ನೋಡಿ ಮತ್ತೊಮ್ಮೆ ನೆಡುತ್ತಾರೆ.

ಐದನೆಯದು, ಬಣ್ಣದ ಚುಕ್ಕೆ. ಸ್ಕಾಲ್ಪ್ ಮೈಕ್ರೋಪಿಗ್ಮೆಂಟೇಶನ್ ಎನ್ನುತ್ತಾರೆ. ಸಣ್ಣ ಸೂಜಿಯಿಂದ ಕೂದಲ ಬುಡದಂತೆ ಕಾಣುವ ಚುಕ್ಕೆಗಳನ್ನು ಇಡುವುದು. ಎಫ್‌ಯುಇಯ ಬಿಳಿ ಚುಕ್ಕೆಗಳಿಗೆ, ತೆಳುವಾದ ಗೆರೆಗೆ ಇದು ಒಳ್ಳೆಯದು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಕೆಲವು ವರ್ಷಕ್ಕೆ ಬಣ್ಣ ಮಾಸುತ್ತದೆ, ಮತ್ತೆ ಹಾಕಿಸಬೇಕು. ಕಲೆಯ ಮೇಲೆ ಬಣ್ಣ ಒಂದೇ ಸಮ ನಿಲ್ಲುವುದಿಲ್ಲ, ಹರಡಿಕೊಳ್ಳಲೂಬಹುದು. ಕೈಗೆ ಹಚ್ಚೆ ಹಾಕುವವನ ಹತ್ತಿರ ಇದನ್ನು ಮಾಡಿಸಬಾರದು ಎಂದು ಡಾಕ್ಟರು ಒತ್ತಿ ಹೇಳಿದರು.

ಇವೆಲ್ಲದರ ಜತೆಗೆ ಒಂದು ಕಾಸೂ ಖರ್ಚಿಲ್ಲದ ದಾರಿ ಉಂಟು. ಹಿಂಬದಿಯ ಕೂದಲನ್ನು ಒಂದೂವರೆ ಎರಡು ಸೆಂಟಿಮೀಟರ್ ಉದ್ದ ಬಿಟ್ಟು, ಗೆರೆಯ ಕೆಳಗೂ ಮೇಲೂ ಒಂದೇ ಉದ್ದಕ್ಕೆ ಕತ್ತರಿಸುವುದು. ಗೆರೆಯ ಕೆಳಗೆ ಮೆಷಿನ್ ಹಾಕಿ ಬೋಳಿಸಿದರೆ ಗೆರೆ ಇನ್ನೂ ಎದ್ದು ಕಾಣುತ್ತದೆ.

ಜನವರಿಯ ಆ ಸಂಜೆ

ಅಣ್ಣ ಕೇಳಿದ ಕೊನೆಯ ಪ್ರಶ್ನೆ, "ಜನವರಿಯೊಳಗೆ ಆಗುತ್ತದಾ ಡಾಕ್ಟ್ರೇ?" ಆಗುವುದಿಲ್ಲ ಎಂದರು. ನೆಟ್ಟ ಕೂದಲು ಮೊದಲ ತಿಂಗಳಲ್ಲಿ ಉದುರುತ್ತದೆ. ಮೂರು ನಾಲ್ಕು ತಿಂಗಳಿಗೆ ಹೊಸದು ಮೊಳೆಯುತ್ತದೆ. ಪೂರ್ತಿ ಫಲ ಕಾಣಲು ಒಂದು ವರ್ಷ, ಕಲೆಯಲ್ಲಿ ಇನ್ನೂ ನಿಧಾನ. ನಮ್ಮ ಕೈಯಲ್ಲಿ ಇದ್ದದ್ದು ಐದು ತಿಂಗಳು.

ಆದ್ದರಿಂದ ರೋಸ್ ಆಗುವಾಗ ಗೆರೆ ಇದ್ದ ಹಾಗೆಯೇ ಇತ್ತು. ರೋಸ್ ಸಣ್ಣದು ಮಾಡುವುದು ಬೇಡ ಎಂದು ಅಣ್ಣನೇ ಹೇಳಿದ. ಅಪ್ಪ ಎಣ್ಣೆ ಹಚ್ಚಿದರು, ಅಮ್ಮ ಹಾಲು ಸುರಿದರು. ಮೂರನೇ ನಾಲ್ಕನೇ ಲೋಟಕ್ಕೆ ಕೂದಲು ತಲೆಗೆ ಅಂಟಿ ಹಿಂದಿನ ಬಿಳಿ ದಾರಿ ಚಪ್ಪರಕ್ಕೆಲ್ಲ ಕಂಡಿತು. ವೊವಿಯೊ ಹಾಡುತ್ತಿದ್ದ ಹೆಂಗಸರಲ್ಲಿ ಒಬ್ಬರ ದನಿ ನಿಂತಿತು. ಹಿಂದೆ ಯಾರೋ ಪಿಸುಗುಟ್ಟಿದರು. ದೂರದ ನೆಂಟರೊಬ್ಬರು ಕೇಳಿಯೇ ಬಿಟ್ಟರು, "ಅದೆಂತ ಮಗಾ, ತಲೆಗೆ ಆಪರೇಷನ್ ಆದದ್ದಾ?"

"ಹೌದು ಬಾಪ್ಪು, ಮುಂದೆ ಕೂದಲು ನೆಡಲಿಕ್ಕೆ ಹಿಂದಿನಿಂದ ತೆಗೆದದ್ದು" ಎಂದ ಅಣ್ಣ, ಮುಖದ ಮೇಲಿನ ಹಾಲು ಒರೆಸಿಕೊಳ್ಳುತ್ತಾ. ಅವರು ಒಂದು ಗಳಿಗೆ ನೋಡಿ, "ಹಾಗಾದರೆ ಗೊಬ್ಬರ ಚೆನ್ನಾಗಿ ಹಾಕಬೇಕು" ಎಂದು ದೊಡ್ಡ ಚೊಂಬಿನಲ್ಲಿ ಹಾಲು ತುಂಬಿ ಹೊಯ್ದರು. ಎಲ್ಲರೂ ನಕ್ಕರು. ಹಾಡು ಮುಂದುವರಿಯಿತು. ನಾಲ್ಕು ವರ್ಷ ಹೆದರಿದ ಮಾತು ಮುಗಿಯಲು ಅರ್ಧ ನಿಮಿಷ ಸಾಕಾಯಿತು. ಮರುದಿನ ಮದುವೆಯಲ್ಲಿ ಅದನ್ನು ಎತ್ತಿದವರೇ ಇಲ್ಲ. ಊಟದ ಹೊತ್ತಿಗೆ ಜನರಿಗೆ ಬೇರೆ ವಿಷಯ ಇತ್ತು.

ಹಾಗೆಂದು ಅವನು ಚಿಕಿತ್ಸೆ ಬೇಡ ಎನ್ನಲಿಲ್ಲ. 2019ರ ಫೆಬ್ರವರಿಯ ರಜೆಯಲ್ಲಿ ಸುಮಾರು 300 ಬುಡ, 2020ರ ಜನವರಿಯಲ್ಲಿ ಇನ್ನು 150 ಬುಡ ಗೆರೆಯೊಳಗೆ ನೆಡಿಸಿಕೊಂಡ. ಈ ಸಲ ಡಾಕ್ಟರು ಕೆಲಸದ ಬಗ್ಗೆ ಮೊದಲೇ ಕೇಳಿದರು. ಹೊತ್ತಿಗೆ ಸರಿಯಾಗಿ ಅವನಿಗೆ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ಈಗ ಹೇಗಿದೆ? ನಾಲ್ಕನೇ ನಂಬರಿನ ಮೆಷಿನ್‌ನಲ್ಲಿ, ಎಂದರೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ ಬಿಟ್ಟು ಕತ್ತರಿಸಿದರೆ ಹುಡುಕಿದರೂ ಸಿಗುವುದಿಲ್ಲ. ಎರಡನೇ ನಂಬರಿಗೆ ಇಳಿಸಿದರೆ ತೆಳುವಾಗಿ ಕಾಣುತ್ತದೆ. ಬೋಳಿಸಿದರೆ ಪೂರ್ತಿ ಕಾಣುತ್ತದೆ. ಕಲೆ ಹೋಗಿಲ್ಲ, ಅದು ಹೋಗುವುದೂ ಇಲ್ಲ. ನೋಡುವವರ ಕಣ್ಣಿಗೆ ಬೀಳದಷ್ಟು ಕಡಿಮೆಯಾಗಿದೆ. ಅವನಿಗೆ ಅಷ್ಟು ಸಾಕು. ಈಗ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆಗೆ ಇಳಿಯುತ್ತಾನೆ.

ಕಿರಿಯವ ಕೇಳಿದ ಪ್ರಶ್ನೆಗಳು

2019ರಲ್ಲಿ ಅಣ್ಣನ ಜತೆ ಹೋದಾಗ ಕಿರಿಯವನಿಗೆ 22. ಅವನ ಕೂದಲೂ ತೆಳುವಾಗಲು ಶುರುವಾಗಿತ್ತು. ಅಪ್ಪನ ಕಡೆಯ ಬಳುವಳಿ. ತನಗೂ ಮಾಡಿಸಬೇಕು ಎಂಬ ಆಸೆಯಿತ್ತು. ಡಾಕ್ಟರು ಬೇಡ ಎಂದರು. ಆ ವಯಸ್ಸಿನಲ್ಲಿ ಕೂದಲು ಎಲ್ಲಿಯವರೆಗೆ ಹೋಗುತ್ತದೆ ಎಂದು ತಿಳಿಯುವುದಿಲ್ಲ. ಹಿಂಬದಿಯ ಕೂದಲು ಇಡೀ ಆಯುಷ್ಯಕ್ಕೆ ಇಷ್ಟೇ ಎಂದು ಲೆಕ್ಕವಿದ್ದಂತೆ. ಈಗಲೇ ಖರ್ಚು ಮಾಡಿದರೆ ನಲವತ್ತರಲ್ಲಿ ಬೇಕಾದಾಗ ಇರುವುದಿಲ್ಲ. ಅಲ್ಲದೆ ಮುಂದೆ ಹಿಂಬದಿಯ ಕೂದಲೇ ತೆಳುವಾದರೆ, ಈಗ ಕಾಣದ ಕಲೆ ಆಗ ಕಾಣುತ್ತದೆ. ಅವನು ಚರ್ಮವೈದ್ಯರು ಬರೆದುಕೊಟ್ಟ ಔಷಧದಲ್ಲೇ ಇದ್ದಾನೆ, ತಲೆಯನ್ನು ಒಂದನೇ ನಂಬರಿಗೆ ಇಳಿಸಿದ್ದಾನೆ. ಸಲೂನಿಗೆ ಧೈರ್ಯವಾಗಿ ಹೋಗುತ್ತಾನೆ. ಅದೂ ಒಂದು ದಾರಿಯೇ.

ಮಾಡಿಸಿಕೊಳ್ಳಲೇಬೇಕು ಎಂದಿರುವವರು ಮೊದಲು ಈ ಪ್ರಶ್ನೆಗಳನ್ನು ಕೇಳಿ:

ಕೊಯ್ಯುವವರು ಯಾರು, ಬುಡ ತೆಗೆಯುವವರು ಯಾರು, ಹೊಲಿಯುವವರು ಯಾರು? ಡಾಕ್ಟರೇ ಮಾಡುತ್ತಾರಾ, ಅಥವಾ ಡಾಕ್ಟರು ಬಂದು ಮುಖ ತೋರಿಸಿ ಹೋಗಿ ಉಳಿದದ್ದನ್ನು ಬೇರೆಯವರು ಮಾಡುತ್ತಾರಾ? ಕೂದಲು ಕಸಿಯನ್ನು ತರಬೇತಾದ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಅಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬ್ಯೂಟಿ ಪಾರ್ಲರಿನ ಮಹಡಿಯಲ್ಲಿ ಮಾಡುವ ಕೆಲಸ ಇದಲ್ಲ.

ನನ್ನ ತಲೆಯ ಚರ್ಮ ಸಡಿಲವೋ ಬಿಗಿಯೋ? ಪಟ್ಟಿಯಾದರೆ ಎಷ್ಟು ಅಗಲ? ಹೊಲಿಗೆ ಟ್ರೈಕೋಫೈಟಿಕ್ ಕ್ರಮದ್ದಾ? ಎಫ್‌ಯುಇ ಆದರೆ ಒಂದೇ ದಿನ ಎಷ್ಟು ಬುಡ, ಎಷ್ಟು ಹರಡಿ ತೆಗೆಯುತ್ತೀರಿ?

ಮುಂದೆ ಎಷ್ಟು ಸಣ್ಣ ಕೂದಲು ಬಿಡಬಹುದು? ನೀವು ಮುಂದೆಂದಾದರೂ ತಲೆ ಬೋಳಿಸಿಕೊಳ್ಳುವ ಆಸೆಯವರಾದರೆ ಅದನ್ನು ಈಗಲೇ ಹೇಳಬೇಕು.

ನನ್ನ ಕೆಲಸ ಇಂಥದ್ದು, ಯಾವಾಗ ಮತ್ತೆ ಶುರು ಮಾಡಬಹುದು? ಅಡಿಕೆ ಗೋಣಿ ಹೊರುವವರು, ಜಿಮ್ಮಿಗೆ ಹೋಗುವವರು, ದಿನಾ ಬೈಕಿನಲ್ಲಿ ಹೆಲ್ಮೆಟ್ ಹಾಕಿ ಹೋಗುವವರು ಇದನ್ನು ಬಿಡಿಸಿ ಕೇಳಬೇಕು. ರಜೆ ಕಡಿಮೆ ಇದ್ದರೆ ಆ ವರ್ಷ ಮಾಡಿಸುವುದೇ ಬೇಡ. ಮದುವೆಗೆ ಮೂರು ತಿಂಗಳು ಇರುವಾಗ ಅಂತೂ ಬೇಡ.

ಗಾಯ ಕೆಂಪಾಗಿ ಬಾವು ಬಂದರೆ, ಕೀವು ಬಂದರೆ, ಜ್ವರ ಬಂದರೆ ಮನೆಯಲ್ಲಿ ಅರಸಿನ ಹಚ್ಚಿ ಕೂರಬೇಡಿ, ಅವತ್ತೇ ಹೋಗಿ ತೋರಿಸಿ. ಸಿಗರೇಟು ಸೇದುವವರು ಎಷ್ಟು ವಾರ ಮೊದಲು ಬಿಡಬೇಕು ಎಂದು ಕೇಳಿ, ಬಿಡಿ.

ಕೊನೆಗೆ ಮನೆಯವರಿಗೆ ಒಂದು ಮಾತು. ಬೋಳಾಗುವ ಹುಡುಗನನ್ನು ತಮಾಷೆ ಮಾಡುವುದು ನಮ್ಮ ಕಡೆ ದಿನನಿತ್ಯದ ಆಟ. ಹಾಗೆ ನಕ್ಕದ್ದೇ ಅವನನ್ನು ಗುಟ್ಟಾಗಿ, ಅವಸರದಲ್ಲಿ, ಯಾರನ್ನೂ ಕೇಳದೆ ಎಲ್ಲಿಗೋ ಕಳುಹಿಸುತ್ತದೆ. ಮಾಡಿಸಿಕೊಂಡು ಬಂದವನ ಕಲೆ ನೋಡಿ ಮತ್ತೆ ನಗುತ್ತೇವೆ. ಇಬ್ಬರು ಕೂತು ಮಾತಾಡಿದರೆ ಎರಡನೇ ಅಭಿಪ್ರಾಯ ಸಿಗುತ್ತದೆ, ಜತೆಗೆ ಆಸ್ಪತ್ರೆಗೆ ಬರಲು ಒಬ್ಬರು ಸಿಗುತ್ತಾರೆ.

ನಿಮ್ಮಲ್ಲಿ ಯಾರಿಗಾದರೂ ಇಂಥ ಯೋಚನೆ ಇದ್ದರೆ ಕೊಲ್ಲಿಯಿಂದ ಅಣ್ಣ ಬಂದಾಗ ಮಾತಾಡಿಸಿ. ಕೂದಲು ಎತ್ತಿ ಗೆರೆ ತೋರಿಸಲು ಅವನಿಗೆ ಈಗ ಸಂಕೋಚವಿಲ್ಲ. ಉಳಿದ ದಿನಗಳಲ್ಲಿ ಕಿರಿಯವ ಇಲ್ಲೇ ಇರುತ್ತಾನೆ. ಅವನಿಗೆ ತೋರಿಸಲು ಕಲೆ ಇಲ್ಲ, ಆದರೆ ಮಂಗಳೂರಿಗೆ ಜತೆಗೆ ಬರಲು ಸಮಯ ಇದೆ.